ಬೆನಗಲ್ ರಾಯರಿಗೆ ತಪ್ಪಿದ ಕುರ್ಚಿ

1926ರಲ್ಲಿ ವಿಜಯವಾಡದಲ್ಲಿ ಶುರುವಾದ ಆಂಧ್ರ ವಿಶ್ವವಿದ್ಯಾಲಯ ಆಮೇಲೆ ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು. ಅಲ್ಲಿ 1931ರಿಂದ ಕುಲಪತಿಯಾಗಿದ್ದವರು ಎಸ್. ರಾಧಾಕೃಷ್ಣನ್. ಅದಕ್ಕೂ ಮುಂಚೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. 1948ರಲ್ಲಿ ಅವರು ಯುನೆಸ್ಕೋ ಕಾರ್ಯಕಾರಿ ಮಂಡಳಿಯ ಅಧ್ಯಕ್ಷರಾದರು. ಮೈಸೂರಿನ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ 1946ರಲ್ಲೇ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರು. ಹಾಗಾಗಿ ನಮ್ಮವರನ್ನು ಯಾರೂ ಕೇಳಲೇ ಇಲ್ಲ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ. ಸಿಗದೇ ಉಳಿದದ್ದು ಪ್ರಧಾನ ಕಾರ್ಯದರ್ಶಿಯ ಕುರ್ಚಿ.

ಯಾಕೆ ಸಿಗಲಿಲ್ಲ? ಆ ಹುದ್ದೆಗೆ ಹೆಸರು ಶಿಫಾರಸು ಮಾಡುವುದು ಭದ್ರತಾ ಮಂಡಳಿ. ಅಲ್ಲಿ ಐದು ಕಾಯಂ ಸದಸ್ಯರಲ್ಲಿ ಒಬ್ಬರು ಬೇಡ ಅಂದರೂ ಕಥೆ ಮುಗಿಯಿತು. ಎಷ್ಟು ಮತ ಬಿತ್ತು ಅನ್ನುವುದು ಆಮೇಲಿನ ಮಾತು.

ಮಂಗಳೂರಿನ ಬೆನಗಲ್ ನರಸಿಂಗ ರಾಯರನ್ನೇ ನೋಡಿ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕೂತಿದ್ದವರು ಇವರೇ. ಅದೇ ವರ್ಷ ಟ್ರಿಗ್ವೆ ಲೀ ಅವರ ಅವಧಿ ಮುಗಿಯುತ್ತಾ ಬಂತು. ಕೊರಿಯಾ ವಿಷಯದಲ್ಲಿ ಲೀ ಅಮೆರಿಕದ ಕಡೆ ನಿಂತರೆಂಬ ಸಿಟ್ಟಿಗೆ ಸೋವಿಯತ್ ಒಕ್ಕೂಟ ಅವರಿಗೆ ವೀಟೋ ಹಾಕಿತು. ಬದಲಿಗೆ ಮುಂದಿಟ್ಟ ಹೆಸರುಗಳಲ್ಲಿ ರಾಯರದೂ ಒಂದು. ಆದರೆ ಲೀ ಬಿಟ್ಟು ಬೇರೆ ಯಾರು ಬಂದರೂ ನಾವು ವೀಟೋ ಹಾಕುತ್ತೇವೆ ಎಂದು ಅಮೆರಿಕ ಪಟ್ಟು ಹಿಡಿಯಿತು. ಕೊನೆಗೆ ನವೆಂಬರ್ 1ರಂದು ಮಹಾಸಭೆ 46-5 ಮತಗಳಿಂದ ಲೀ ಅವರ ಅವಧಿಯನ್ನೇ ಮೂರು ವರ್ಷ ಮುಂದುವರಿಸಿತು. ರಾಯರ ಯೋಗ್ಯತೆಯ ಪ್ರಶ್ನೆ ಎಲ್ಲೂ ಬರಲೇ ಇಲ್ಲ. ಹೆಸರು ಯಾರ ಬಾಯಿಂದ ಬಂತು ಅನ್ನುವುದೇ ದೊಡ್ಡದಾಯಿತು.

1953ರಲ್ಲಿ ವಿಜಯಲಕ್ಷ್ಮಿ ಪಂಡಿತರ ಹೆಸರನ್ನೂ ಸೋವಿಯತ್ ಒಕ್ಕೂಟವೇ ಸೂಚಿಸಿತ್ತು. ಅದೂ ದಡ ಸೇರಲಿಲ್ಲ. ತಮಾಷೆಯೆಂದರೆ ಅದೇ ವರ್ಷ ಮಹಾಸಭೆ ಅವರನ್ನು ತನ್ನ ಅಧ್ಯಕ್ಷೆಯಾಗಿ ಆರಿಸಿತು, ಅಲ್ಲಿ ವೀಟೋ ಇಲ್ಲವಲ್ಲ! 2006ರಲ್ಲಿ ಶಶಿ ತರೂರ್ ಬಾನ್ ಕಿ ಮೂನ್ ನಂತರದ ಎರಡನೇ ಸ್ಥಾನದವರೆಗೂ ಬಂದರು. ಕೊನೆಯ ಅನೌಪಚಾರಿಕ ಮತದಾನದಲ್ಲಿ ಹತ್ತು ಮಂದಿ ಬೇಕು ಅಂದರು. ಬೇಡ ಅಂದ ಮೂವರಲ್ಲಿ ಒಬ್ಬರು ಕಾಯಂ ಸದಸ್ಯರು. ತರೂರ್ ಹಿಂದೆ ಸರಿದರು.

ಇದು ಭಾರತೀಯರಿಗೆ ಮಾತ್ರ ಆದದ್ದೂ ಅಲ್ಲ. 1981ರಲ್ಲಿ ಟಾಂಜಾನಿಯಾದ ಸಲೀಂ ಅಹ್ಮದ್ ಸಲೀಂ ಅವರನ್ನು ಅಮೆರಿಕ, ಕುರ್ಟ್ ವಾಲ್ಡ್‌ಹೈಮ್ ಅವರನ್ನು ಚೀನಾ ಸುತ್ತಿನ ಮೇಲೆ ಸುತ್ತು ತಡೆದವು. ಇಬ್ಬರೂ ಸುಸ್ತಾದ ಮೇಲೆ ಹುದ್ದೆ ಪೆರುವಿನ ಪೆರೆಸ್ ದೆ ಕ್ವೆಯರ್ ಪಾಲಾಯಿತು.

ಮತ್ತೆ ರಾಯರ ವಿಷಯ. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರನ್ನೂ ಭದ್ರತಾ ಮಂಡಳಿ ಮತ್ತು ಮಹಾಸಭೆಯೇ ಆರಿಸುತ್ತವೆ, ಆದರೆ ಆ ಚುನಾವಣೆಯಲ್ಲಿ ವೀಟೋ ನಡೆಯುವುದಿಲ್ಲ. ಅಲ್ಲಿ ರಾಯರು ಗೆದ್ದರು. 1952ರಲ್ಲಿ ಅಧಿಕಾರ ವಹಿಸಿಕೊಂಡರು, ಮರುವರ್ಷ ನವೆಂಬರ್‌ನಲ್ಲಿ ತೀರಿಕೊಂಡರು.