ಸಹಾಯಧನದ ಪಟ್ಟಿ ಯಾರಿಗಾಗಿ?

ಸರಕಾರದ ಬೊಕ್ಕಸದಿಂದ ಒಬ್ಬ ರೈತನಿಗೆ ಹಣ ಸಂದರೆ, ಆ ಸಂಗತಿಯನ್ನು ತಿಳಿಯುವ ಹಕ್ಕು ಅವನ ನೆರೆಯವನಿಗೆ ಉಂಟೆ? ಉಂಟೆಂದಾದರೆ ಎಷ್ಟರಮಟ್ಟಿಗೆ? ಈ ಪ್ರಶ್ನೆಯನ್ನು ನಾವು ಈ ಹೊತ್ತು ವಿಚಾರ ಮಾಡೋಣ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಕಬ್ಬಿನ ಸೀಮೆ. ಕೃಷ್ಣೆ, ಘಟಪ್ರಭೆಗಳು ಹರಿಯುವ ನಾಡು. 1989ರಲ್ಲಿ ಇಲ್ಲಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಒಡ್ಡು ಕಟ್ಟಿದರು. ಕೂಡಿಸಿದ ಹಣಕ್ಕೆ ಕೂಡಿಸಿದವರೆಲ್ಲರೂ ಒಡೆಯರು. ಲೆಕ್ಕ ಕೇಳುವುದು ಅವರ ಹಕ್ಕು. ಪಟ್ಟಣವಾಸಿಗಳಾದ ನಾವು ಕೊಡುವ ತೆರಿಗೆಯೂ ಕೂಡಿಸಿದ ಹಣವೇ ಅಲ್ಲವೆ?

2019ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಪಿ.ಎಂ. ಕಿಸಾನ್ ಯೋಜನೆಯನ್ನು ನೋಡಿ. ಭೂಮಿಯುಳ್ಳ ರೈತಕುಟುಂಬಕ್ಕೆ ವರುಷಕ್ಕೆ 6000 ರೂಪಾಯಿ, 3 ಕಂತುಗಳಲ್ಲಿ, ನೇರವಾಗಿ ಬ್ಯಾಂಕಿನ ಖಾತೆಗೆ ಸಲ್ಲುತ್ತದೆ. ವರಮಾನ ತೆರಿಗೆ ಕೊಡುವವರು ಇದಕ್ಕೆ ಅರ್ಹರಲ್ಲ. ಸಹಾಯಧನದ ಮೊತ್ತವನ್ನೂ ಪಡೆದವರ ವಿವರವನ್ನೂ ಕಚೇರಿಗಳು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣ ವಿಧಿಸಿದೆ.

ಇದರಿಂದ ಬಡವನ ಮಾನ ಬೀದಿಗೆ ಬರುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪ ಹಗುರವಾದುದಲ್ಲ, ಯುರೋಪಿನಲ್ಲಿಯೂ ಇದು ಎದ್ದಿತ್ತು. ಮೊತ್ತದ ಹೆಚ್ಚುಕಡಮೆಯನ್ನು ನೋಡದೆ ಎಲ್ಲ ರೈತರ ಹೆಸರನ್ನೂ ಪ್ರಕಟಿಸುವುದು ಸಲ್ಲದೆಂದು ಯುರೋಪಿನ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. 2013ರಲ್ಲಿ, ಅಲ್ಪ ಮೊತ್ತ ಪಡೆದವರ ಹೆಸರನ್ನು ಮಾತ್ರ ಮರೆಮಾಡುವ ಹೊಸ ನಿಯಮ ಬಂದಿತು. ನಮ್ಮಲ್ಲಿಯೂ 2023ರ ವೈಯಕ್ತಿಕ ದತ್ತಾಂಶ ಕಾಯಿದೆ ಖಾಸಗಿ ವಿವರಗಳ ಬೇಲಿಯನ್ನು ಬಿಗಿಮಾಡಿದೆ. ಆದರೆ 4ನೆಯ ಪ್ರಕರಣವನ್ನು ಅದು ತಿದ್ದಿಲ್ಲ.

ನಮ್ಮ ಹಳ್ಳಿಗಳಲ್ಲಿ ಹೆಸರನ್ನೇ ಮರೆಮಾಡಿದರೆ ಪರೀಕ್ಷೆ ನಿಂತುಹೋಗುತ್ತದೆ. ಪಟ್ಟಿಯಲ್ಲಿರುವವನು ಬದುಕಿರುವನೆ, ಹೊಲವುಳ್ಳವನೆ ಎಂಬುದನ್ನು ಬಲ್ಲವರು ಊರಿನವರೇ. 1994ರಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿಯ ಹಾಜರಿಪಟ್ಟಿಗಳನ್ನು ಜನರ ಮುಂದೆ ಓದಿದಾಗ, ದುಡಿಯದವರ ಹೆಸರುಗಳು ಹೊರಬಿದ್ದುವು. ಆದ್ದರಿಂದ ಹೆಸರು, ಊರು, ಮೊತ್ತ, ಇವಿಷ್ಟು ಬಯಲಾಗಲಿ. ಆಧಾರ್ ಸಂಖ್ಯೆ, ಖಾತೆಯ ಸಂಖ್ಯೆ, ದೂರವಾಣಿ, ಇವು ಯಾರಿಗೂ ಬೇಕಿಲ್ಲ. ಅವು ವಂಚಕರಿಗೆ ಮಾತ್ರ ಉಪಯುಕ್ತ.

ಇನ್ನೊಂದು ಮಾತು. ಪಟ್ಟಿಯನ್ನು ನಾವು ಕಳ್ಳನನ್ನು ಹಿಡಿಯುವ ಬಲೆಯೆಂದಷ್ಟೇ ಎಣಿಸುತ್ತೇವೆ. ಅದಕ್ಕಿಂತ ಹಿರಿದಾದ ಪ್ರಯೋಜನ ಹೆಸರು ಬಿಟ್ಟುಹೋದವನಿಗೆ ಉಂಟು. ಅಣ್ಣತಮ್ಮಂದಿರು ಬೇರೆಯಾದರೂ ಉತಾರ ತಂದೆಯ ಹೆಸರಿನಲ್ಲಿಯೇ ಉಳಿದಿರುತ್ತದೆ. ಗಂಡ ಸತ್ತ ಹೆಣ್ಣುಮಗಳ ಹೆಸರು ದಾಖಲೆಗೆ ಏರಿರುವುದಿಲ್ಲ. 1974ರ ಭೂಸುಧಾರಣೆ ಗೇಣಿಯನ್ನು ನಿಷೇಧಿಸಿದುದರಿಂದ, ಹೊಲವನ್ನು ಲಾವಣಿಗೆ ಹಿಡಿದು ಉಳುವವನು ಕಾಗದದಲ್ಲಿ ಕಾಣುವುದೇ ಇಲ್ಲ. ಇವರೆಲ್ಲ ಬೆವರು ಸುರಿಸುವವರು; ಪಟ್ಟಿಯಲ್ಲಿ ಮಾತ್ರ ಇಲ್ಲದವರು.

ಪಡೆದವರ ಪಟ್ಟಿಯ ಜತೆಗೆ, ತಿರಸ್ಕೃತವಾದ ಅರ್ಜಿಗಳನ್ನೂ ಕಾರಣಸಹಿತವಾಗಿ ಗ್ರಾಮಸಭೆಯಲ್ಲಿ ಓದಬೇಕು. ಜಾಲತಾಣದಲ್ಲಿ ಪಟ್ಟಿಯಿದ್ದರೆ ಸಾಲದು. ಓದು ಬಾರದವನ ಕಿವಿಗೂ ಅದು ಬೀಳಬೇಕು. ತನಗೆ ಏಕೆ ಬರಲಿಲ್ಲವೆಂದು ಅಂಜದೆ ಕೇಳುವ ಧೈರ್ಯ ಕಡೆಯ ರೈತನಿಗೆ ಬಂದ ದಿನ, ಪಟ್ಟಿ ತನ್ನ ಕೆಲಸ ಮಾಡಿತೆಂದು ನಾವು ತಿಳಿಯಬಹುದು.