ಎಕ್ಸ್ ಅಂದರೆ ನಾಣ್ಯ ಅಲ್ಲ

ಗೋಲಕ ಒಡೆದಾಗ 2 ರೂಪಾಯಿ ಮತ್ತು 5 ರೂಪಾಯಿಯ ನಾಣ್ಯಗಳು ಸೇರಿ 30 ಸಿಕ್ಕವು. ಮೊತ್ತ 96 ರೂಪಾಯಿ. ಯಾವುದು ಎಷ್ಟು?

ಎಂಟನೇ ತರಗತಿಯ ಅಣ್ಣನ ಮಗಳು ಈ ಲೆಕ್ಕಕ್ಕೆ ಬರೆದ ಮೊದಲ ಸಾಲು: ‘ಎಕ್ಸ್ = ಐದು ರೂಪಾಯಿ ನಾಣ್ಯ’. ಎರಡನೇ ಸಾಲಿಗೆ ಪೆನ್ನು ನಿಂತಿತು. “ಎಕ್ಸ್ ಅಂದ್ರೇನೇ ಐದು ರೂಪಾಯಿ. ಮತ್ತೆ ಐದರಿಂದ ಯಾಕೆ ಗುಣಿಸ್ಬೇಕು ಚಿಕ್ಕಪ್ಪ?” ಪ್ರಶ್ನೆ ಸರಿಯಾಗಿಯೇ ಇತ್ತು. ತಪ್ಪಿದ್ದು ಮೊದಲ ಸಾಲು.

ಅಕ್ಷರವೆಂದರೆ ವಸ್ತುವಿನ ಅಡ್ಡಹೆಸರು ಎಂಬ ಕಲ್ಪನೆ ಎಷ್ಟೋ ಜನರನ್ನು ಇಲ್ಲೇ ಎಡವಿಸುತ್ತದೆ. ಅಕ್ಷರ ನಿಂತಿರುವುದು ನಾಣ್ಯಕ್ಕಲ್ಲ, ನಾಣ್ಯ ಎಷ್ಟಿವೆ ಎಂಬ ಎಣಿಕೆಗೆ. ಇದರಲ್ಲಿ ನಮ್ಮ ಹಳಬರ ಹೆಸರೇ ಚೆನ್ನ. 12ನೇ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಗೊತ್ತಿಲ್ಲದ ರಾಶಿಗೆ ‘ಯಾವತ್ ತಾವತ್’ ಎಂದು ಹೆಸರು. ಎಷ್ಟೋ ಅಷ್ಟು ಎಂದರ್ಥ. ಬರೆಯುವಾಗ ಬರೀ ‘ಯಾ’. ಇನ್ನೊಂದು ಬಂದರೆ ಕಾಲಕ, ಅಂದರೆ ಕಪ್ಪು, ‘ಕಾ’. ಮತ್ತೊಂದಕ್ಕೆ ನೀಲಕ, ‘ನೀ’. ಎಷ್ಟೋ ಅಷ್ಟು ಎಂದು ಬಾಯಲ್ಲಿ ಹೇಳಿಕೊಂಡವರು ಅದನ್ನು ನಾಣ್ಯವೆಂದು ತಿಳಿಯುವುದು ಕಷ್ಟ.

ಐದರವು ‘ಯಾ’ ಇವೆ ಅನ್ನೋಣ. ಉಳಿದ 30 − ಯಾ ಎರಡರವು. ಎರಡು ಗೊತ್ತಿಲ್ಲದವಿದ್ದರೆ ಎರಡು ಅಕ್ಷರ ಬೇಕೇಬೇಕು ಅನ್ನುವುದೂ ಸುಳ್ಳಾಯಿತು.

5ಯಾ + 2(30 − ಯಾ) = 96
3ಯಾ + 60 = 96
ಯಾ = 12

ಐದರವು 12, ಎರಡರವು 18.

ಬೀಜಗಣಿತ ಬೇರೆ, ಬಾಯಿಲೆಕ್ಕ ಬೇರೆ ಎಂಬುದು ಇನ್ನೊಂದು ನಂಬಿಕೆ. ಕಿರಾಣಿ ಅಂಗಡಿಯಲ್ಲಿ ಬದುಕು ಕಳೆದ ನಮ್ಮಪ್ಪ ಪೆನ್ನು ಮುಟ್ಟದೆ ಹೇಳಿದ್ದು ಹೀಗೆ: “ಎಲ್ಲಾ ಎರಡು ರೂಪಾಯೇ ಅನ್ಕೋ, ಅರವತ್ತಾಯ್ತು. ಮೂವತ್ತಾರು ಕಮ್ಮಿ. ಒಂದು ಎರಡರದ್ದು ತೆಗೆದು ಐದರದ್ದು ಇಟ್ರೆ ಮೂರು ಏರುತ್ತೆ. ಹನ್ನೆರಡು ಸಲ ಇಡು.” ಮೇಲಿನ ಸಾಲುಗಳಲ್ಲಿರುವ 60, 3, 12 ಅವರ ಮಾತಿನಲ್ಲೂ ಇವೆ. ಸಮೀಕರಣ ಆ ಮಾತನ್ನೇ ಕಾಗದಕ್ಕೆ ಇಳಿಸಿದೆ, ಅಷ್ಟೆ.

ಹಾಗಂತ ನಾಣ್ಯ ಎಷ್ಟೆಂದು ಹೇಳದೆ ಬರೀ 96 ರೂಪಾಯಿ ಎಂದರೆ ಅಪ್ಪನಿಗೂ ಆಗದು, ‘ಯಾ’ಗೂ ಆಗದು. ಐದರವು 2 ಇರಬಹುದು, 4 ಇರಬಹುದು, ಹೀಗೆ 18ರವರೆಗೆ ಯಾವ ಸರಿಸಂಖ್ಯೆಯಾದರೂ ನಡೆಯುತ್ತದೆ. ಒಂಬತ್ತು ಉತ್ತರ, ಒಂಬತ್ತೂ ಸರಿ.

ಎಂಟಾಣೆಯದ್ದು ಬಂದರೆ ಎಲ್ಲವನ್ನೂ ಪೈಸೆಗೆ ತರಬೇಕು. 50ಯಾ ಎಂದು ಬರೆದು ಆಚೆ ಬದಿಗೆ 96 ಎಂದು ಬಿಟ್ಟರೆ ಲೆಕ್ಕ ಕೆಟ್ಟಿತು, ಅದು 9600. ಅಂದಹಾಗೆ, ಎಂಟಾಣೆ ರದ್ದಾಗಿದೆ ಎನ್ನುವವರಿದ್ದಾರೆ. 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡದ್ದು ನಾಲ್ಕಾಣೆ ಮತ್ತು ಅದರ ಕೆಳಗಿನವು. ಎಂಟಾಣೆ ಕಾನೂನಿನಂತೆ ಇನ್ನೂ ನಾಣ್ಯವೇ, ಅಂಗಡಿಯವರು ಮುಖ ತಿರುಗಿಸಿದರೂ.

ಕೊನೆಗೆ, ಸಮೀಕರಣ ಬಿಡಿಸಿದರೆ ಬಂದದ್ದೆಲ್ಲ ಉತ್ತರ ಎಂಬ ಭ್ರಮೆ. ಇದಕ್ಕೊಂದು ಕಿತಾಪತಿ ಮಾಡಿದೆ. ಲೆಕ್ಕದಲ್ಲಿದ್ದಂತೆಯೇ 30 ನಾಣ್ಯ ಮೇಜಿನ ಮೇಲೆ ಸುರಿದು, ಎರಡರದ್ದೊಂದು ತೆಗೆದು, ಹೆಚ್ಚುಕಮ್ಮಿ ಹಾಗೇ ಕಾಣುವ ಒಂದು ರೂಪಾಯಿಯ ಸ್ಟೀಲ್ ನಾಣ್ಯ ಸೇರಿಸಿದೆ. “ಈಗ ಮೊತ್ತ 95” ಅಂದೆ. ಅವಳು 3ಯಾ = 35ಕ್ಕೆ ಬಂದು ನಿಂತಳು. ಹನ್ನೊಂದು ಮುಕ್ಕಾಲೂ ಅಲ್ಲದ, ಹನ್ನೊಂದೂವರೆಯೂ ಅಲ್ಲದ ನಾಣ್ಯ ಯಾವ ಗೋಲಕದಲ್ಲಿರುತ್ತೆ? ಪುಸ್ತಕ ಪಕ್ಕಕ್ಕೆ ತಳ್ಳಿ, ರಾಶಿಯನ್ನು ಎಳೆದುಕೊಂಡು, ಒಂದೊಂದನ್ನೇ ಮಗುಚಿ ನೋಡತೊಡಗಿದಳು.