ಹಾಸಿಗೆ ಬದಿಯ ಅಲ್ಟ್ರಾಸೌಂಡ್: ವೈದ್ಯರಿಗೆ ದೂರ ತರಬೇತಿ ಹಾಗೂ ಸಾರ್ವಜನಿಕರು ತಿಳಿದಿರಬೇಕಾದ ವಿಷಯಗಳು

ಯಂತ್ರಕ್ಕೆ ಸಿಲುಕಿ ಹೊಟ್ಟೆಗೆ ಪೆಟ್ಟಾದ ಕಾರ್ಮಿಕನನ್ನಾಗಲಿ, ತೀವ್ರ ಉಸಿರಾಟದ ತೊಂದರೆಯಿಂದ ಬಳಲುತ್ತಿರುವ ರೋಗಿಯನ್ನಾಗಲಿ ಸ್ಕ್ಯಾನಿಂಗ್ ಕೊಠಡಿಗೆ ಸಾಗಿಸುವುದು ಎಲ್ಲ ಸಂದರ್ಭಗಳಲ್ಲಿಯೂ ಸಾಧ್ಯವಾಗುವುದಿಲ್ಲ. ಅಂತಹ ವೇಳೆ ಚಿಕಿತ್ಸೆ ನೀಡುತ್ತಿರುವ ವೈದ್ಯರೇ ಚಿಕ್ಕ ಯಂತ್ರವನ್ನು ರೋಗಿಯ ಬಳಿಗೆ ತಂದು ನಡೆಸುವ ಪರೀಕ್ಷೆಯನ್ನು ಹಾಸಿಗೆ ಬದಿಯ ಅಲ್ಟ್ರಾಸೌಂಡ್ ಎನ್ನಲಾಗುತ್ತದೆ. ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ ರಕ್ತ ಸೇರಿದೆಯೇ, ಹೃದಯದ ಸುತ್ತ ದ್ರವ ತುಂಬಿದೆಯೇ, ಶ್ವಾಸಕೋಶದ ಪದರವು ಉಸಿರಿನೊಂದಿಗೆ ಚಲಿಸುತ್ತಿದೆಯೇ ಎಂಬಂತಹ ಕೆಲವೇ ಪ್ರಶ್ನೆಗಳಿಗೆ ಇದರಿಂದ ಉತ್ತರ ದೊರೆಯುತ್ತದೆ. ಇದು ತಜ್ಞರು ನಡೆಸುವ ಸಂಪೂರ್ಣ ಸ್ಕ್ಯಾನ್‌ಗೆ ಬದಲಿಯಲ್ಲ.

ತರಬೇತಿಯ ವಿಧಾನ

ಪುಸ್ತಕ ಓದಿ ಈ ಕೌಶಲ್ಯವನ್ನು ಪಡೆಯಲಾಗದು. ಪ್ರೋಬ್ ಹಿಡಿದ ಕೈ ಬೆರಳಿನಷ್ಟು ಸರಿದರೂ ಚಿತ್ರ ಮಾಯವಾಗುತ್ತದೆ. ಆದುದರಿಂದ ದೂರದಲ್ಲಿರುವ ಬೋಧಕರಿಗೆ ಎರಡು ದೃಶ್ಯಗಳು ಏಕಕಾಲದಲ್ಲಿ ಕಾಣುವುದು ಅವಶ್ಯಕ: ಒಂದು ಯಂತ್ರದ ಪರದೆ, ಇನ್ನೊಂದು ಕಲಿಯುವವರ ಕೈ. ಪರದೆ ಮಾತ್ರ ಕಂಡರೆ ಚಿತ್ರ ಏಕೆ ಕೆಟ್ಟಿದೆ ಎಂಬುದು ತಿಳಿಯುವುದಿಲ್ಲ. ಸರಿಸಿ, ಓರೆ ಮಾಡಿ, ತಿರುಗಿಸಿ, ಒತ್ತಿ ಎಂಬ ಪದಗಳಿಗೆ ಇಬ್ಬರೂ ಮೊದಲೇ ಒಂದೇ ಅರ್ಥವನ್ನು ನಿಗದಿಪಡಿಸಿಕೊಂಡಿರಬೇಕಾಗುತ್ತದೆ. ಈ ಸಣ್ಣ ಸಿದ್ಧತೆಯನ್ನು ಕಡೆಗಣಿಸಿದರೆ ಪಾಠದ ಹೆಚ್ಚಿನ ಸಮಯ ಗೊಂದಲದಲ್ಲಿಯೇ ಕಳೆಯುತ್ತದೆ.

ಸಂಪರ್ಕದ ವೇಗವೂ ಮುಖ್ಯ. 2002ರಲ್ಲಿ ಇಸ್ರೋ ನೆರವಿನೊಂದಿಗೆ ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೊಮ್ಮಸಂದ್ರದಲ್ಲಿರುವ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೊಂದಿಗೆ ಉಪಗ್ರಹದ ಮೂಲಕ ಜೋಡಿಸಲಾಯಿತು. ಹೃದಯ ರೋಗಿಯ ಕುರಿತು ಸಲಹೆ ಪಡೆಯಲು ಇದು ಮಹತ್ತರ ಅನುಕೂಲವಾಗಿತ್ತು. ಆದರೆ ಭೂಸ್ಥಿರ ಉಪಗ್ರಹವು ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಸಂಕೇತ ಒಂದು ಬಾರಿ ತಲುಪಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ; ಚಿತ್ರ ನೋಡಿ ನೀಡಿದ ಸೂಚನೆ ಹಿಂದಿರುಗುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ಮಾತುಕತೆಗೆ ಇದು ಅಡ್ಡಿಯಲ್ಲ, ಮಿಡಿಯುವ ಹೃದಯದ ಮೇಲೆ ಕೈ ನಡೆಸಲು ಅಡ್ಡಿಯೇ ಸರಿ. ನೆಲದ ಮೇಲಿನ ಬ್ರಾಡ್‌ಬ್ಯಾಂಡ್ ಸಂಪರ್ಕ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿದೆ. ಭಾರತದ ವೈದ್ಯರ ಒಂದು ಗುಂಪಿಗೆ ಎದುರಿನಲ್ಲಿ, ಇನ್ನೊಂದು ಗುಂಪಿಗೆ ಖಂಡಾಂತರದಿಂದ ಅಂತರಜಾಲದ ಮೂಲಕ ಹೃದಯದ ಅಲ್ಟ್ರಾಸೌಂಡ್ ಕಲಿಸಿ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ.

ರೋಗಿಗೆ ದೊರೆಯುವ ಪ್ರಯೋಜನ

ವೈಟ್‌ಫೀಲ್ಡ್‌ನಲ್ಲಿ 2001ರ ಜನವರಿಯಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಹೃದಯದ ಕವಾಟ ಮೊದಲಾದ ಭಾಗಗಳ ದೋಷವುಳ್ಳ 253 ರೋಗಿಗಳನ್ನು ಎರಡು ಗುಂಪುಗಳಾಗಿಸಿ ಅಧ್ಯಯನ ನಡೆಸಲಾಯಿತು. ಜೇಬಿನ ಗಾತ್ರದ ಅಲ್ಟ್ರಾಸೌಂಡ್ ಮತ್ತು ಮೊಬೈಲ್‌ಗೆ ಜೋಡಿಸಿದ ಉಪಕರಣಗಳಿಂದ ಪರೀಕ್ಷೆಗೊಳಗಾದವರನ್ನು ಕವಾಟ ಚಿಕಿತ್ಸೆಗೆ ಕಳುಹಿಸಲು ಸರಾಸರಿ 83 ದಿನಗಳು, ವಾಡಿಕೆಯ ಕ್ರಮದಲ್ಲಿ 180 ದಿನಗಳು ಹಿಡಿದವು ಎಂದು 2018ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ. ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾಗಿರುವ ದುಡಿಯುವ ವಯಸ್ಸಿನ ವ್ಯಕ್ತಿಗೆ ಮೂರು ತಿಂಗಳ ಈ ಅಂತರ ಚಿಕ್ಕದಲ್ಲ.

ಕಾನೂನಿನ ನಿಬಂಧನೆಗಳು

ಯಂತ್ರ ಎಷ್ಟೇ ಚಿಕ್ಕದಾಗಿದ್ದರೂ, ಮೊಬೈಲ್ ಫೋನಿಗೆ ಜೋಡಿಸುವಂತಹುದಾದರೂ, ಗರ್ಭಪೂರ್ವ ಮತ್ತು ಪ್ರಸವಪೂರ್ವ ಪತ್ತೆ ತಂತ್ರಗಳ (ಲಿಂಗ ಆಯ್ಕೆ ನಿಷೇಧ) ಕಾಯ್ದೆ, 1994ರ ವ್ಯಾಪ್ತಿಗೆ ಒಳಪಡುತ್ತದೆ. ನೋಂದಣಿ ಇಲ್ಲದವರಿಗೆ ಇಂತಹ ಯಂತ್ರವನ್ನು ಮಾರುವಂತಿಲ್ಲ. ಆಸ್ಪತ್ರೆ ಅಥವಾ ನರ್ಸಿಂಗ್ ಹೋಂ ನಡೆಸುವವರು ನಮೂನೆ 'ಎ' ಯಲ್ಲಿ ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ನಮೂನೆ 'ಬಿ' ಯಲ್ಲಿ ನೀಡಲಾಗುವ ನೋಂದಣಿ ಪತ್ರವು ಐದು ವರ್ಷಗಳ ಅವಧಿಯದಾಗಿದ್ದು, ಅದನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. 2012ರ ತಿದ್ದುಪಡಿಯಂತೆ, ಸಾಗಿಸಬಹುದಾದ ಯಂತ್ರವನ್ನು ನೋಂದಾಯಿತ ಆವರಣದ ಒಳರೋಗಿಗಳಿಗೆ ಅಥವಾ ನಿಯಮಾನುಸಾರದ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಲು ಅವಕಾಶವಿದೆ. ಆದುದರಿಂದ ಪೀಣ್ಯದ ಆಸ್ಪತ್ರೆಯೊಂದರಲ್ಲಿ ನೋಂದಣಿಯಾದ ಯಂತ್ರವನ್ನು ಪಕ್ಕದ ಕಾರ್ಖಾನೆಯ ಚಿಕಿತ್ಸಾ ಕೊಠಡಿಗೆ ಒಯ್ದು ಅಭ್ಯಾಸ ಮಾಡುವುದು, ಉದ್ದೇಶ ಒಳ್ಳೆಯದಾಗಿದ್ದರೂ, ನಿಯಮಬಾಹಿರವಾಗುತ್ತದೆ.

ದೂರ ತರಬೇತಿಯ ಪ್ರಮಾಣಪತ್ರದಿಂದ ಕಾನೂನು ವಿಧಿಸುವ ಅರ್ಹತೆ ಲಭಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಎಂ.ಬಿ.ಬಿ.ಎಸ್. ವೈದ್ಯರಿಗಾಗಿ 2014ರ ನಿಯಮಗಳು ಆರು ತಿಂಗಳ, 300 ಗಂಟೆಗಳ ತರಬೇತಿಯನ್ನು ಗೊತ್ತುಪಡಿಸಿವೆ.

ರೋಗಿಗಳು ಕೇಳಬಹುದಾದುದು

ಪ್ರೋಬ್ ಹಿಡಿದವರು ಕಲಿಯುತ್ತಿರುವ ವೈದ್ಯರೇ, ಪರದೆಯ ಆಚೆ ಯಾರು ನೋಡುತ್ತಿದ್ದಾರೆ, ಚಿತ್ರದೊಂದಿಗೆ ರೋಗಿಯ ಹೆಸರೂ ಹೋಗುತ್ತಿದೆಯೇ, ಚಿಕಿತ್ಸೆಯ ತೀರ್ಮಾನ ಯಾರದು ಎಂಬುದನ್ನು ರೋಗಿ ಅಥವಾ ಸಂಬಂಧಿಕರು ಸಂಕೋಚವಿಲ್ಲದೆ ವಿಚಾರಿಸಬಹುದಾಗಿದೆ. ತರಬೇತಿಗೆ ಒಪ್ಪದಿದ್ದ ಮಾತ್ರಕ್ಕೆ ಚಿಕಿತ್ಸೆ ನಿರಾಕರಿಸುವುದು ಸರಿಯಲ್ಲ. ಗರ್ಭಿಣಿಯ ಪರೀಕ್ಷೆಯಲ್ಲಿ ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ. ದೂರದಿಂದ ನೋಡುತ್ತಿರುವ ಬೋಧಕರಿಗೂ ಇದು ಅನ್ವಯಿಸುತ್ತದೆ. ನೋಂದಣಿ ಪತ್ರ ಪ್ರದರ್ಶಿಸದಿರುವುದು ಕಂಡುಬಂದಲ್ಲಿ ಸಾರ್ವಜನಿಕರು ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಬಹುದು.